ಬಸ್ಸು ಎಲ್ಲಿಗೆ ಬಂತು

ಮಧುರಾ ಹೆಬ್ಬೆರಳಿನಿಂದ ಪುಟವನ್ನು ಮತ್ತೊಮ್ಮೆ ಕೆಳಕ್ಕೆ ಜಗ್ಗಿದಳು. ಮೊಬೈಲು ತುಸು ಹೊತ್ತು ಚಕ್ರ ತಿರುಗಿಸಿ, ಹೇಳಿದ್ದನ್ನೇ ಹೇಳಿತು: ನರಗುಂದ ಬಸ್ಸು, ರೋಣ, ಮೂರು ಗಂಟೆ ಹತ್ತು ನಿಮಿಷ.

"ಇನ್ನೂ ರೋಣದಾಗ ಐತೇನವಾ?" ಗುರುಸಂಗಯ್ಯನವರು ಕೇಳಿದರು. ಅಂತ್ಯಕ್ರಿಯೆ ಮಾಡಿಸಲು ಬಂದ ಅಯ್ಯನವರು ಅವರು. ಗಜೇಂದ್ರಗಡದ ಗಡಿಯಾರಗಳೆಲ್ಲ ತಪ್ಪಿದರೂ ತಾವು ತಪ್ಪುವವರಲ್ಲ. "ನಾಕಕ್ಕ ಎತ್ತೂದು ಅಂತ ಮುಂಜಾನೇನ ಹೇಳೀನಿ. ಹೊತ್ತು ಮುಳುಗೂದ್ರೊಳಗ ಮಣ್ಣ ಆಗಬೇಕು."

"ಇನ್ನೊಂದ್ ಸ್ವಲ್ಪ ತಡೀರಿ ಅಜ್ಜಾರ. ನೀ ಬರೂತನಾ ಎತ್ತಂಗಿಲ್ಲ ಅಂತ ಅತ್ತೀಗೆ ಮಾತ ಕೊಟ್ಟೀನ್ರಿ."

ಅತ್ತೆ ಎಂದರೆ ಚನ್ನವ್ವ, ಮಧುರಾಳ ತೀರಿಕೊಂಡ ಅಪ್ಪ ಅಂದಾನೆಪ್ಪನ ಅಕ್ಕ. ವಯಸ್ಸು ಎಪ್ಪತ್ತಾರು. ಮುಂಜಾನೆ ಮಧುರಾ ಫೋನು ಮಾಡಿದಾಗ, ಕಾರು ಕಳಿಸುತ್ತೇವೆ ಎನ್ನುವುದನ್ನೂ ಪೂರ್ತಿ ಕೇಳಿಸಿಕೊಳ್ಳದೆ ಹೊರಟುಬಿಟ್ಟಿದ್ದಳು. ಮೊಬೈಲು ಮನೆಯಲ್ಲೇ ಚಾರ್ಜಿಗೆ ಉಳಿದಿದೆ, ಅಜ್ಜಿ ನರಗುಂದಕ್ಕೆ ಹೋಗಿ ಅಲ್ಲಿಂದ ಗಜೇಂದ್ರಗಡದ ಬಸ್ಸು ಹಿಡಿಯುತ್ತಾಳೆ ಎಂದು ಆಮೇಲೆ ಪಕ್ಕದ ಮನೆಯವರು ತಿಳಿಸಿದ್ದರು.

ಪಡಸಾಲೆಯಲ್ಲಿ ಅಂದಾನೆಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಬದುಕಿದ್ದಾಗ ಒಂದು ದಿನವೂ ಸುತ್ತದ ರುಮಾಲು ತಲೆಯ ಮೇಲಿತ್ತು. ಅರವತ್ತಾರು ವರ್ಷದ ಮನುಷ್ಯ, ಮುಂಜಾನೆ ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಹಾಗೆಯೇ ಹೋಗಿಬಿಟ್ಟಿದ್ದ. ಪುಣ್ಯವಂತನ ಸಾವು ಎಂದು ಬಂದವರೆಲ್ಲ ಮೆಚ್ಚಿಕೊಂಡರು. ಭಜನೆಯವರ ತಾಳದಲ್ಲೂ ಅಳುವಿನ ಸದ್ದಿರಲಿಲ್ಲ.

*

ಅಂದಾನೆಪ್ಪ ಮೊದಲು ಸೀರೆಯ ಅಂಚಿಗೆ ನಕ್ಷೆ ಬರೆಯುತ್ತಿದ್ದ. ಗ್ರಾಫ್ ಹಾಳೆಯ ಮನೆಗಳನ್ನು ಒಂದೊಂದಾಗಿ ತುಂಬಿ ನವಿಲು ಎಬ್ಬಿಸುವ ಕೆಲಸ. ನಲವತ್ತರ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಕಂಪ್ಯೂಟರು ನೋಡಿದವನು, "ಇದೂ ಮನಿ ತುಂಬೂ ಕೆಲಸನ ಐತಲ್ಲ" ಎಂದುಕೊಂಡು ವೆಬ್‌ಸೈಟು ಮಾಡುವುದನ್ನು ಕಲಿತು ಬಂದ.

ಮೊದಲ ಗಿರಾಕಿ ಒಬ್ಬ ಸೀರೆ ವ್ಯಾಪಾರಿ. ವೆಬ್‌ಸೈಟು ನೋಡಿ ಬಹಳ ಖುಷಿಪಟ್ಟ. "ಭಾಳ ಚಲೋ ಆಗೇತ್ರಿ. ಇದಕ್ಕ ಕಟ್ಟು ಹಾಕಿಸಿ ಕೊಡ್ರಿ, ಗಲ್ಲಾದ ಮ್ಯಾಲ ತೂಗ ಹಾಕ್ತೀನಿ."

ಅಂದಾನೆಪ್ಪ ನಗಲಿಲ್ಲ. ಪ್ರಿಂಟು ತೆಗೆದು, ಗಾಜಿನ ಕಟ್ಟು ಹಾಕಿಸಿಯೇ ಕೊಟ್ಟ. ಹೊಸ ನಮೂನೆಯ ಸೀರೆ ಬಂದಾಗಲೆಲ್ಲ ಹೋಗಿ ಗಾಜು ಬಿಚ್ಚಿ ಹಾಳೆ ಬದಲಿಸಿ ಬರುತ್ತಿದ್ದ. ಎಷ್ಟೋ ವರ್ಷ ಅವನ ಪಾಲಿಗೆ ಅಪ್‌ಡೇಟ್ ಎಂದರೆ ಅದೇ ಆಗಿತ್ತು.

ಹೊಟ್ಟೆಪಾಡಿಗೆ ಅಂಗಡಿ, ಶಾಲೆಗಳ ವೆಬ್‌ಸೈಟು. ತನ್ನ ಖುಷಿಗೆ ಮಾಡಿಕೊಂಡವು ಬೇರೆ: ಹಳೆಯ ಅಂಚುಗಳ ನಕ್ಷೆಯದೊಂದು, ಯಾವ ಓಣಿಗೆ ನಳದ ನೀರು ಬಂತು ಎಂದು ಹೇಳುವುದೊಂದು, ಮತ್ತೆ ಊರೇ ನೋಡುವ ಈ ಬಸ್ಸಿನ ಪುಟ. ಬಸ್ಸಿನಲ್ಲಿ ಕೂತವರು ಊರು ಬಂದಾಗ ಆ ಊರಿನ ಹೆಸರು ಒತ್ತಬೇಕು, ಕಾಯುವವರು ಅದನ್ನೂ, ಎಷ್ಟು ಮಂದಿ ಒತ್ತಿದರು ಎಂಬುದನ್ನೂ ನೋಡಿಕೊಳ್ಳಬೇಕು. ಒತ್ತುವವರು ಹೆಸರು ಹೇಳಬೇಕಿಲ್ಲ, ಪಾಸ್‌ವರ್ಡೂ ಬೇಕಿಲ್ಲ.

ಅವನ ಕಂಪ್ಯೂಟರು ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಅಣ್ಣನ ಮಗ ಶಶಿಕಾಂತ ಹಣೆ ಹಣೆ ಬಡಿದುಕೊಂಡಿದ್ದ. "ಕಾಕಾ, ಮನ್ಯಾಗ ಕುಂತು ಯಾರ ಬೇಕಾದ್ರೂ ಸುಳ್ಳ ಒತ್ತಬಹುದು!"

"ಬಸ್ಸಿಗೆ ಕಾಯೋರ ಮುಂದ ಸುಳ್ಳ ಹೇಳಾಕ ಯಾರಿಗರ ಮನಸ್ಸ ಬರತೈತೇನೋ, ಹುಚ್ಚಾ?"

ಒಂಬತ್ತು ವರ್ಷ ಒಂದು ಸುಳ್ಳೂ ಬರಲಿಲ್ಲ. ಶಶಿಕಾಂತ ಹಟ ಹಿಡಿದು ಹುಡುಕಿ ಸೋತಿದ್ದ.

*

ನಾಲ್ಕಕ್ಕೆ ಐದು ನಿಮಿಷವಿತ್ತು. ಗುರುಸಂಗಯ್ಯನವರು ಎದ್ದು ನಿಂತರು. ಪುಟದಲ್ಲಿ ಇನ್ನೂ ರೋಣವೇ. ಮುಂಜಾನೆಯಿಂದ ಗಟ್ಟಿಯಾಗಿದ್ದ ಮಧುರಾಳಿಗೆ ಈಗ ಅಳು ತಡೆಯದಾಯಿತು. ತಮ್ಮನ ಮುಖ ನೋಡಲು ಅಷ್ಟು ದೂರದಿಂದ ಬರುವವಳಿಗೆ ಮಣ್ಣಿನ ಗುಡ್ಡೆ ತೋರಿಸುವುದು ಹೇಗೆ?

ಬಸ್ ಸ್ಟ್ಯಾಂಡಿನ ಎದುರು ಚಹಾದಂಗಡಿ ಇಟ್ಟ ಮೋದಿನಸಾಬ ಮೂಲೆಯಲ್ಲಿ ಕೂತಿದ್ದ. ಅಂದಾನೆಪ್ಪನ ಮೂವತ್ತು ವರ್ಷದ ಗೆಳೆಯ. "ಇನ್ನೊಮ್ಮೆ ನೋಡವಾ ಮಧುರಾ," ಎಂದ.

ಜಗ್ಗಿದಳು. ಪುರ್ತಗೇರಿ! ಒಬ್ಬರು ಹೇಳಿದ್ದಾರೆ. ಮತ್ತೆ ಜಗ್ಗಿದರೆ ನಾಲ್ಕು ಮಂದಿ. ಮತ್ತೆ ಜಗ್ಗಿದರೆ ಹನ್ನೊಂದು.

"ಹನ್ನೊಂದ್ ಮಂದಿ ಹೇಳಾಕತ್ತಾರ್ರಿ ಅಜ್ಜಾರ! ಪುರ್ತಗೇರಿಗೆ ಬಂದೈತ್ರಿ!"

"ಪುರ್ತಗೇರಿ ಅಂದ್ರ ಬಂದ್ಹಂಗ ಆತು," ಎಂದು ಅಯ್ಯನವರು ಕೂತೇಬಿಟ್ಟರು. "ಹಾಡ್ರಿ, ಇನ್ನೊಂದ್ ಪದ ಆಗಲಿ."

ಒಂದು ಪದ ನಾಲ್ಕಾಯಿತು. ಹತ್ತು ನಿಮಿಷದ ದಾರಿ, ಅರ್ಧ ತಾಸಾದರೂ ಬಸ್ಸಿನ ಸುಳಿವಿಲ್ಲ. ಸೋಜಿಗವೆಂದರೆ ಯಾರೂ ಅವಸರ ಮಾಡಲಿಲ್ಲ. ಗಾಜಿನ ಕಟ್ಟು ಹಾಕಿಸಿದ ವೆಬ್‌ಸೈಟಿನ ಕತೆಯನ್ನು ಮೋದಿನಸಾಬ ಹೇಳಿದ. ಸತ್ತವರ ಮನೆ ಎಂಬುದನ್ನು ಮರೆತು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಮಧುರಾಳೂ ನಕ್ಕಳು.

ಐದು ಗಂಟೆಗೆ ಬಾಗಿಲ ಮುಂದೆ ಉಳ್ಳಾಗಡ್ಡಿ ತುಂಬಿದ ಟೆಂಪೋ ನಿಂತಿತು. ಡ್ರೈವರನ ಪಕ್ಕದಿಂದ ಇಳಿದ ಚನ್ನವ್ವ ಸೀದಾ ಒಳಗೆ ಬಂದು ತಮ್ಮನ ಎರಡೂ ಗಲ್ಲ ಹಿಡಿದಳು. "ಏ ಅಂದಾನೀ, ರುಮಾಲ ಸುತ್ತಿದ್ರ ಥೇಟ್ ಅಪ್ಪನಂಗ ಕಾಣ್ತಿಯಲ್ಲೋ! ಮೊದಲ ಯಾಕ ಸುತ್ತಲಿಲ್ಲೋ?" ಅಳುತ್ತಲೇ ನಕ್ಕಳು. ಎಷ್ಟೋ ಹೊತ್ತು ಅವನ ಮುಖ ಸವರುತ್ತ ಕೂತಳು.

"ಪುರ್ತಗೇರಿಯಿಂದ ಇಷ್ಟ ಹೊತ್ತಾತೇನು ಅತ್ತಿ?" ಮಧುರಾ ಕೇಳಿದಳು.

"ಎಲ್ಲೀ ಪುರ್ತಗೇರಿ? ಬಸ್ಸ ರೋಣ ದಾಟಿ ಹೊಲದ ನಡುವ ಕೆಟ್ಟ ನಿಂತೈತಿ. ಯಾರ ಫೋನಿಗೂ ರೇಂಜ್ ಇಲ್ಲ. ನಾ ಈ ಟೆಂಪೋಕ್ಕ ಕೈ ಮಾಡಿ ಬಂದೆ. ಅದು ಇನ್ನೂ ಅಲ್ಲೇ ಐತಿ."

ತಾಳ ನಿಂತಿತು. ಮಧುರಾ ಎಲ್ಲರ ಮುಖ ನೋಡಿದಳು. "ಹಂಗಾರ ಒತ್ತಿದವರು ಯಾರು?"

"ಮೊದಲನೇದು ನಂದವಾ," ಮೋದಿನಸಾಬ ಮೆಲ್ಲಗೆ ಕೈ ಎತ್ತಿದ. ಹಾರ್ಮೋನಿಯಮ್ಮಿನವನು ಎತ್ತಿದ. ತಾಳದವರು, ಎದುರು ಮನೆಯ ಹೆಂಗಸರು ಎತ್ತಿದರು. ತಲೆ ಕೆರೆದುಕೊಳ್ಳುತ್ತ ಶಶಿಕಾಂತನೂ ಎತ್ತಿದ. ಎಣಿಸಿದರೆ ಹತ್ತೇ ಕೈ ಇದ್ದವು.

"ಸಾಕ್ ಬಿಡ್ರಿ, ಹೊತ್ತಾತು, ಎತ್ರಿ ಎತ್ರಿ," ಎಂದು ಗುರುಸಂಗಯ್ಯನವರು ಗಡಬಡಿಸಿ ಎದ್ದರು. ಮಡಿಲಲ್ಲಿದ್ದ ಅವರ ಮೊಬೈಲು ಜಾರಿ ಬಿತ್ತು. ಮಧುರಾ ಅದನ್ನು ಎತ್ತಿಕೊಂಡಾಗ ಪರದೆ ಬೆಳಗಿತು. ಬಸ್ಸಿನ ಪುಟ ತೆರೆದೇ ಇತ್ತು. ಪುರ್ತಗೇರಿ ಎಂಬ ಹೆಸರಿನ ಮೇಲೆ ಒಂದು ಬೆರಳಿನಗಲ ವಿಭೂತಿ ಮೆತ್ತಿತ್ತು.