ಮಡಿ ಲಟ್ಟಣಿಗೆ

ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲ. ಕಚೇರಿಯಿಂದ ಬಂದ ಗಂಗಾಧರಯ್ಯನವರು ಕಾಫಿ ಕುಡಿದವರೇ ಹಿತ್ತಲಿನ ತಗಡಿನ ಶೆಡ್ಡಿಗೆ ನುಗ್ಗುತ್ತಿದ್ದರು. ಅಲ್ಲಿ ಅವರ ಲೇತ್ ಇತ್ತು. ಹೆಂಡತಿ ಕಾತ್ಯಾಯಿನಿಯ ಹೊಲಿಗೆ ಯಂತ್ರದ ಪೆಡಲ್ ಕಿತ್ತು ಅದಕ್ಕೆ ಜೋಡಿಸಿದ್ದರು. ತುಳಿದರೆ ಮರ ಗಿರ್ರನೆ ತಿರುಗುವುದು, ಉಳಿ ಹಿಡಿದರೆ ಸಿಪ್ಪೆ ಸುರುಳಿಯಾಗಿ ಹಾರುವುದು. ಹೊಲಿಗೆ ಯಂತ್ರ ಕಳೆದುಕೊಂಡ ಕಾತ್ಯಾಯಿನಿಗೆ ಬದಲಿಗೆ ಸಿಕ್ಕಿದ್ದು ಲಟ್ಟಣಿಗೆಗಳು.

ನೋಡಲೇನೋ ಅವು ಚೆಂದ. ಗಂಗಾಧರಯ್ಯನವರು ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ, ಕೆನ್ನೆಗೆ ಒತ್ತಿ ನೋಡಿ, ನೆಲದ ಮೇಲೆ ಉರುಳಿಸಿ, ಅಡಿಯಲ್ಲಿ ಬೆಳಕು ತೂರದಿದ್ದರೆ ಮಾತ್ರ ಒಳಗೆ ಕಳಿಸುತ್ತಿದ್ದರು. ಅಡಿಗೆಮನೆ ಸೇರಿದ್ದೇ ತಡ, ಅದೇ ಲಟ್ಟಣಿಗೆ ಕಣಕಕ್ಕೆ ಅಂಟಿಕೊಂಡು ಒಬ್ಬಟ್ಟನ್ನು ಹರಿದು ಹಾಕುತ್ತಿತ್ತು. ತೇಗ, ಬೀಟೆ, ಹೊನ್ನೆ, ಎಲ್ಲದರ ಹಣೆಬರಹವೂ ಒಂದೇ. ಕಾತ್ಯಾಯಿನಿ ಮತ್ತೆ ತವರಿನಿಂದ ತಂದ ಸೊಟ್ಟ ಲಟ್ಟಣಿಗೆಯನ್ನೇ ಕೈಗೆತ್ತಿಕೊಳ್ಳುತ್ತಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಮ್ಮ ಗಂಗಾಧರಯ್ಯನವರು ಮರವನ್ನು ಬೈಯುತ್ತಿದ್ದರು.

ಬಸವನಗುಡಿಯ ಭಾವಮೈದ ಸೀನು ಪ್ರತಿ ಹಬ್ಬಕ್ಕೂ ಊಟಕ್ಕೆ ಬರುವವನು. ಹೂರಣ ಸೋರುತ್ತಿದ್ದ ಒಬ್ಬಟ್ಟನ್ನು ಎತ್ತಿ ಹಿಡಿದು, ಇದನ್ನೂ ಲೇತಿನಲ್ಲೇ ಮಾಡಿದ್ದಾ ಎಂದು ಕೇಳುತ್ತಿದ್ದ. ಕೇಳಿ ಕೇಳಿ ಕಾತ್ಯಾಯಿನಿಗೆ ಸಾಕಾಗಿತ್ತು. ಈ ಯುಗಾದಿಗೂ ಒಬ್ಬಟ್ಟು ಹರಿದರೆ ಲೇತ್ ಗುಜರಿಗೆ, ಪೆಡಲ್ ಹೊಲಿಗೆ ಯಂತ್ರಕ್ಕೆ ಎಂದು ಹೇಳಿಬಿಟ್ಟಳು. ಗಂಗಾಧರಯ್ಯನವರ ಜೀವ ಬಾಯಿಗೆ ಬಂತು. ಸಾರಕ್ಕಿಯ ರೈತ ಚಿಕ್ಕಬೈರಪ್ಪನನ್ನು ಕಾಡಿ ಬೇಡಿ ಚೆನ್ನಾಗಿ ಒಣಗಿದ ಹಲಸಿನ ತುಂಡು ತಂದರು. ಅದರಲ್ಲಿ ಕಡೆದ ಲಟ್ಟಣಿಗೆಯಷ್ಟು ನುಣುಪಾದದ್ದನ್ನು ಅವರು ಹಿಂದೆಂದೂ ಮಾಡಿರಲಿಲ್ಲ.

ಮಡಿಯ ದಿನ ಅಡಿಗೆಮನೆಯ ಕಡೆ ತಲೆಹಾಕದವರು ಈ ಹಬ್ಬದಲ್ಲಿ ಮಾತ್ರ ಎಣ್ಣೆ ಸ್ನಾನ ಮುಗಿಸಿ, ಮಡಿ ಪಂಚೆ ಉಟ್ಟು ಹೊಸಿಲ ಬಳಿ ಕಾವಲು ನಿಂತರು. ಕಾತ್ಯಾಯಿನಿ ಲಟ್ಟಣಿಗೆಯನ್ನು ತೆಗೆದುಕೊಂಡಳು. ಅದರ ಮೇಲೆ ಕುದಿಯುವ ನೀರು ಸುರಿದು, ಹುಣಸೆಹಣ್ಣು ಹಚ್ಚಿ ಗಸಗಸ ಉಜ್ಜಿದಳು.

"ಏನ್ ಮಾಡ್ತಿದ್ದೀಯೇ?"

"ಯಾರ್‍ಯಾರೋ ಮುಟ್ಟಿದ ಮರ. ತೊಳೀದೆ ಮಡಿಗೆ ತಗೊಳಕ್ಕಾಗತ್ತಾ? ಹಿಂದಿನವೆಲ್ಲಾನೂ ಹಿಂಗೇ ತೊಳ್ದಿದೀನಿ."

ಗಂಗಾಧರಯ್ಯನವರು ಬೆರಳಾಡಿಸಿ ನೋಡಿದರು. ನೀರು ಕುಡಿದ ಮರದ ನಾರೆಲ್ಲ ಎದ್ದು, ಲಟ್ಟಣಿಗೆಗೆ ಮೂರು ದಿನದ ಗಡ್ಡ ಬಂದಿತ್ತು. ಸುಮ್ಮನೆ ಮರವನ್ನು ಬೈದೆನಲ್ಲ ಎಂದು ನಾಚಿಕೆಯಾಯಿತು. ಹೆಂಡತಿಯನ್ನು ಬೈಯೋಣವೆಂದರೆ, ಯುಗಾದಿಯ ದಿನ ಆಡಿದ ಜಗಳ ವರ್ಷವಿಡೀ ನಡೆಯುತ್ತದೆ. ತೆಪ್ಪಗೆ ಲಟ್ಟಣಿಗೆ ಕಿತ್ತುಕೊಂಡು ಬಿಸಿಲಿಗೆ ಓಡಿದರು. ಅದು ಒಣಗುತ್ತಲೇ ಶೆಡ್ಡಿಗೆ ಹೋಗಿ ಗಡ್ಡ ಬೋಳಿಸಿ ತಂದರು.

ಶೆಡ್ಡು ಹೊಕ್ಕ ಮೇಲೆ ಮಡಿ ಎಲ್ಲಿಯದು? ಗಂಡನಿಗೆ ಮತ್ತೆ ಸ್ನಾನ, ಲಟ್ಟಣಿಗೆಗೆ ಮತ್ತೆ ಕುದಿನೀರು. ಗಡ್ಡ ಮತ್ತೆ ಬಂತು, ಆದರೆ ಈ ಸಲ ಕಡಿಮೆ. ಮತ್ತೆ ಬಿಸಿಲು, ಮತ್ತೆ ಉಪ್ಪುಕಾಗದ, ಮತ್ತೆ ಸ್ನಾನ. ಬೇವುಬೆಲ್ಲ ತಿಂದು ಕೂತಿದ್ದ ಸೀನು ಹಸಿವು ತಾಳಲಾರದೆ ಬಾಳೆಎಲೆಯ ಅಂಚನ್ನು ಹರಿಯತೊಡಗಿದ. ಕೊನೆಯ ಸಲ ನೀರು ಸುರಿದಾಗ ಲಟ್ಟಣಿಗೆಯಲ್ಲಿ ಏಳುವುದಕ್ಕೆ ಏನೂ ಉಳಿದಿರಲಿಲ್ಲ.

ಒಬ್ಬಟ್ಟುಗಳು ಕಾಗದದಷ್ಟು ತೆಳ್ಳಗೆ ಬಂದವು. ಒಂದೂ ಹರಿಯಲಿಲ್ಲ. ಆಡಿಕೊಳ್ಳಲು ಏನೂ ಸಿಗದ ಸೀನು, ಲಟ್ಟಣಿಗೆಗೆ ಯಾವ ಪಾಲಿಶ್ ಹಾಕಿದಿರಿ ಎಂದು ಕೇಳಿದ.

"ಪಾಲಿಶ್ ಅಲ್ಲ ಕಣೋ. ನಿಮ್ಮಕ್ಕನ ಮಡಿ."

"ಪೆಡಲ್ ನಂದು, ಮಡಿ ನಂದು, ಮರ ಚಿಕ್ಕಬೈರಪ್ಪಂದು," ಎಂದಳು ಕಾತ್ಯಾಯಿನಿ. "ನಿಮ್ದೇನ್ರೀ ಇದ್ರಲ್ಲಿ?"

ಗಂಗಾಧರಯ್ಯನವರು ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರು. ಲೇತ್ ಉಳಿಯಿತೋ ಇಲ್ಲವೋ ಎಂದು ಕೇಳಲು ಮಾತ್ರ ಧೈರ್ಯ ಬರಲಿಲ್ಲ.

ಸಂಜೆ ಸೀನು ಹೊರಟು ನಿಂತಾಗ ಕಾತ್ಯಾಯಿನಿ ಅವನ ಚೀಲದಲ್ಲಿ ಒಬ್ಬಟ್ಟಿನ ಡಬ್ಬಿ ಇಟ್ಟಳು. ಅದರ ಪಕ್ಕದಲ್ಲೇ ತವರಿನ ಸೊಟ್ಟ ಲಟ್ಟಣಿಗೆಯನ್ನೂ ತುರುಕಿದಳು.

"ಅಮ್ಮಂಗೆ ಕೊಟ್ಬಿಡು. ಇಲ್ಲಿ ಇನ್ನು ಬೇಕಾಗಲ್ಲ."