ಬಿಳಿ ಮೀಸೆಯ ಮರಿ

ಬೀದಿಯ ಅರ್ಧ ಜನಕ್ಕೆ ಕಣ್ಣು ಕಾಣುವಂತೆ ಮಾಡಿದವನು ಕನ್ನಡಕದಂಗಡಿಯವನು. ಆದರೆ ಗಾಜಿನ ತೊಟ್ಟಿ ಸಂಘದಲ್ಲಿ ಅವನ ಕಣ್ಣಿಗೆ ಕವಡೆ ಕಾಸಿನ ಕಿಮ್ಮತ್ತಿರಲಿಲ್ಲ. ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟು ಕಡಲ ಜೀವಿಗಳನ್ನು ಸಾಕುವ ಹನ್ನೊಂದು ಮಂದಿಯ ಸಂಘ ಅದು. ಯಾರೂ ಕಂಡರಿಯದ ಜೀವಿಯನ್ನು ತಂದವರ ಹೆಸರನ್ನು ಹಿತ್ತಾಳೆ ಫಲಕದಲ್ಲಿ ಕೆತ್ತಿಸುವುದು ಅಲ್ಲಿನ ಪದ್ಧತಿ. ಹದಿನಾಲ್ಕು ವರ್ಷದಲ್ಲಿ ಇವನು ಏನು ತಂದರೂ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಒಮ್ಮೆ ಇಣುಕಿ, "ಮಾಮೂಲಿ" ಎಂದುಬಿಡುತ್ತಿದ್ದರು. ಆ ಮೂರಕ್ಷರ ಕಿವಿಗೆ ಬಿದ್ದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಮೀನಿನಂಗಡಿಯ ಬಕೆಟ್ಟಿನ ತಳದಲ್ಲಿ ಅವನಿಗೊಂದು ಮುಳ್ಳು ಲಾಬ್‌ಸ್ಟರ್ ಮರಿ ಸಿಕ್ಕಿತು. ಬೆರಳುದ್ದ ಮೈ, ಮೈತುಂಬ ಮುಳ್ಳು, ಕೊಂಡಿಯಿಲ್ಲದ ಸಣಕಲು ಕಾಲುಗಳು. ಕಂದು ಬೆನ್ನಿನ ನಡುವೆ ಒಂದು ಬಿಳಿ ಗೆರೆ. ಮೈಯ ಎರಡು ಪಟ್ಟು ಉದ್ದದ ಮೀಸೆಗಳೂ ಹಾಲಿನಷ್ಟು ಬಿಳಿ.

ಸಂಘಕ್ಕೆ ಸಂಘವೇ ಅವನ ಮನೆಗೆ ದೌಡಾಯಿಸಿತು. ಏಳು ಭಾನುವಾರ ಭೂತಗನ್ನಡಿ ಹಿಡಿದು ಚರ್ಚಿಸಿತು. ಇದು ಯಾವ ಕಡಲಿನದು ಎಂದು ಭೂಗೋಳದ ಮೇಷ್ಟರು ವಾರಕ್ಕೊಂದು ಕಡಲನ್ನು ಹೆಸರಿಸಿದರು. ಡಾಕ್ಟರು ಮುಳ್ಳುಗಳನ್ನು ಎಣಿಸಿದರು. ತಂದಿದ್ದ ಎರಡೂ ಪುಸ್ತಕಗಳಲ್ಲಿ ಬೆಳೆದ ಲಾಬ್‌ಸ್ಟರುಗಳ ಚಿತ್ರಗಳಷ್ಟೇ ಇದ್ದವು. ಮರಿ ದೊಡ್ಡದಾದರೆ ಬಣ್ಣ ಬದಲಾಗಬಹುದೆಂದು ಆ ಹನ್ನೊಂದು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಕೊನೆಗೆ ಡಾಕ್ಟರು ಎದೆ ಸೆಟೆಸಿ, "ಇದು ಯಾವ ಪುಸ್ತಕದಲ್ಲೂ ಇಲ್ಲ. ಹೊಸ ಜಾತಿ!" ಎಂದು ಸಾರಿದರು. ಫಲಕಕ್ಕೆ ಹೇಳಿಯೂ ಆಯಿತು.

ಹೆಂಡತಿಗೆ ಜಾತಿಗೀತಿಯ ಗೊಡವೆ ಇರಲಿಲ್ಲ. ದಿನಾ ಸಂಜೆ ಅವಳು ತೊಟ್ಟಿಯ ಹತ್ತಿರ ಹೋಗಿ ಒಂದು ಚೂರು ಚಿಪ್ಪುಮೀನು ಹಾಕುತ್ತಿದ್ದಳು. ನೀರಿನ ಮೇಲೆ ನೆರಳು ಬಿದ್ದರೆ ಸಾಕು, ಮರಿ ಕಲ್ಲಿನ ಸಂದಿಯಿಂದ ತೂರಿಕೊಂಡು ಬರುತ್ತಿತ್ತು.

ಫಲಕ ಬರಲು ಮೂರು ದಿನ ಇದೆ ಎನ್ನುವಾಗ, ಬೆಳಿಗ್ಗೆ ನೋಡಿದರೆ ಬಿಳಿ ಮೀಸೆಯ ಮೈ ಮರಳಿನ ಮೇಲೆ ಅಲ್ಲಾಡದೆ ಬಿದ್ದಿತ್ತು. ಒಳಗೆ ಟೊಳ್ಳು. ಪಕ್ಕದಲ್ಲೇ ಚಿಪ್ಪು ಕಳಚಿದ ಅದೇ ಪ್ರಾಣಿ, ಅಂಗೈಯಗಲವಾಗಿ, ಹಸಿರು ಮೈ, ಕಪ್ಪು ಮೀಸೆ ಹೊತ್ತು ನಿಂತಿತ್ತು. ಮಾರುಕಟ್ಟೆಯಲ್ಲಿ ಐಸಿನ ಮೇಲೆ ರಾಶಿ ಬಿದ್ದಿರುತ್ತದಲ್ಲ, ತದ್ವತ್ ಅದೇ. ಕನ್ನಡಕದಂಗಡಿಯವನು ಇಂಗು ತಿಂದ ಮಂಗನಂತಾದ. ಆಮೇಲೆ ಚಿಪ್ಪನ್ನು ಮೆಲ್ಲಗೆ ಎತ್ತಿ, ಒಣಗಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಹೊಸ ಜಾತಿ ತೀರಿಕೊಂಡಿತೆಂದು ಸಂಘಕ್ಕೆ ಫೋನು ಮಾಡಿದ.

"ಕಣ್ಮುಂದೆ ಓಡಾಡ್ತಿರೋದನ್ನ ಸತ್ತೋಯ್ತು ಅಂತೀರಲ್ಲ, ನಾಲಿಗೆ ಹೇಗೆ ಹೊರಳ್ತು?" ಎಂದಳು ಹೆಂಡತಿ.

"ಒಂದು ಭಾನುವಾರದ ಮಟ್ಟಿಗೆ ಸತ್ತಿರ್ಲಿ ಬಿಡೇ."

ಭಾನುವಾರ ಅವನ ಮನೆಯಲ್ಲೇ ಶೋಕಸಭೆ. ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿದರು. ಮೃತ ಲಾಬ್‌ಸ್ಟರು ಅವರ ಬೆನ್ನ ಹಿಂದೆ ಮೀಸೆ ಬೀಸುತ್ತ ಅಡ್ಡಾಡುತ್ತಿತ್ತು. "ಅದರ ಮೂವತ್ತೆರಡು ಮುಳ್ಳನ್ನೂ ನಾನು ಬಲ್ಲೆ" ಎಂದು ಡಾಕ್ಟರು ಗದ್ಗದಿತರಾದರು. ಕಣ್ಣೊರೆಸಿಕೊಂಡು ತಿರುಗಿದಾಗ ತೊಟ್ಟಿ ಕಂಡಿತು.

"ಇದ್ಯಾವ್ದು?"

"ಅದಕ್ಕೆ ಜೊತೆ ಇರ್ಲಿ ಅಂತ ತಂದಿದ್ದೆ."

"ಮಾಮೂಲಿ" ಎಂದರು ಡಾಕ್ಟರು. ಸಭೆಯ ಊಟ ಸಭೆ ನಡೆದ ಮನೆಯಲ್ಲೇ ಆಗಬೇಕೆನ್ನುವುದೂ ಸಂಘದ ಪದ್ಧತಿ. "ಅಗಲಿದ ಜೀವದ ಗೌರವಾರ್ಥ ಇದನ್ನೇ ಬೇಯಿಸೋಣ. ತಲೆಗೊಂದು ಚೂರು ಬಂದೀತು."

ಮೇಷ್ಟರು ಆಗಲೇ ಅಡುಗೆಮನೆಗೆ ನುಗ್ಗಿ ನೀರಿಗಿಟ್ಟರು. ಬಾಗಿಲಲ್ಲಿ ನಿಂತ ಹೆಂಡತಿ ಗಂಡನನ್ನೇ ನೋಡುತ್ತಿದ್ದಳು. ಅವನ ಬಾಯಲ್ಲಿ ಬಿಸಿತುಪ್ಪ. ಸತ್ಯ ಹೇಳಿದರೆ ಫಲಕ ಹೋಗುತ್ತದೆ, ಹೇಳದಿದ್ದರೆ ಜೀವ. ಅಷ್ಟರಲ್ಲಿ ಡಾಕ್ಟರು ಬಲೆ ಇಳಿಸಿದರು. ನೆರಳು ಬಿತ್ತು. ಊಟ ಬಂತೆಂದು ನಂಬಿದ ಆ ಹುಚ್ಚು ಪ್ರಾಣಿ ಸಂದಿಯಿಂದ ಸಡಗರದಲ್ಲಿ ಬಲೆಯ ಕಡೆಗೇ ಬಂತು.

"ಬಿಡಿ!" ಕನ್ನಡಕದಂಗಡಿಯವನು ಕಿರುಚಿದ. "ಸತ್ತಿಲ್ಲ ಅದು. ಚಿಪ್ಪು ಕಳಚಿದೆ ಅಷ್ಟೆ. ಇದೇ ಅದು!"

ಡಾಕ್ಟರು ಪೆಟ್ಟಿಗೆ ನೋಡಿದರು, ತೊಟ್ಟಿ ನೋಡಿದರು. ವಿಷಯ ತಿಳಿಯುವಷ್ಟು ಬುದ್ಧಿ ಅವರಿಗಿತ್ತು, ಒಪ್ಪುವಷ್ಟು ಧೈರ್ಯವಿರಲಿಲ್ಲ. ಹೊಸ ಜಾತಿ ಎಂದು ಸಾರಿದವರು ಅವರೇ ತಾನೇ? ದನಿ ತಗ್ಗಿಸಿ, "ದುಃಖದಲ್ಲಿ ಏನೇನೋ ಆಡ್ಬೇಡಿ. ಸತ್ತಿದೆ ಅಂದ್ರೆ ಫಲಕದಲ್ಲಿ ನಿಮ್ಮ ಹೆಸರು. ಇದೇ ಅದು ಅಂದ್ರೆ ಸಂಘದಲ್ಲೇ ನಿಮಗೆ ಜಾಗ ಇಲ್ಲ. ನೀರು ಕುದೀತಿದೆ, ಬೇಗ ಹೇಳಿ" ಎಂದರು.

ಅವನು ತೋಳೇರಿಸದೆ ತೊಟ್ಟಿಗೆ ಕೈ ಹಾಕಿ ಬಲೆಗೂ ಪ್ರಾಣಿಗೂ ನಡುವೆ ಅಂಗೈ ಅಡ್ಡ ಹಿಡಿದ. ಮುಳ್ಳು ಚುಚ್ಚಿತು. ನೋವಿಗಿಂತ ನಾಚಿಕೆಯೇ ಹೆಚ್ಚಾಗಿತ್ತು.

"ಇದು ನಮ್ಮನೇದು. ಮಾಮೂಲಿ" ಎಂದ.

"ಹಾಗಾದ್ರೆ ಆ ಎರಡು ನಿಮಿಷ ನಾವು ಎದ್ದು ನಿಂತಿದ್ದು ಯಾರಿಗ್ರೀ?" ಡಾಕ್ಟರ ಮುಖ ಕೆಂಪೇರಿತು.

"ನನಗೆ ಅಂದ್ಕೊಳ್ಳಿ."

ಹೆಂಡತಿ ಒಳಗೆ ಹೋಗಿ ಒಲೆ ಆರಿಸಿ, ಕುದಿಯುತ್ತಿದ್ದ ನೀರನ್ನು ಮೋರಿಗೆ ಚೆಲ್ಲಿದಳು.