ಹಿಂದೆ ಸರಿಯದ ಜೀಪು

ಒಂದಾನೊಂದು ಕಾಲದಲ್ಲಿ, ಅಂದರೆ ಏಳು ಸಮುದ್ರದಾಚೆಯ ಕಾಲವೇನಲ್ಲ, ಹತ್ತೊಂಬತ್ತುನೂರಾ ಎಂಬತ್ನಾಲ್ಕನೆಯ ಇಸವಿಯ ಶ್ರಾವಣದಲ್ಲಿ, ಬೆಳಗಾವಿಯ ಹಿಂದವಾಡಿಯಲ್ಲಿ ಒಂದು ಹೊಸ ಜೀಪು ಇತ್ತು. ಅದಕ್ಕೆ ನಾಲ್ಕು ಗಾಲಿ, ಎರಡು ಕಣ್ಣು, ಒಂದು ಹಟ. ರಾಜಕುಮಾರಿಯನ್ನು ಹೊತ್ತು ತರುವ ಕೆಲಸವೇನೂ ಅದಕ್ಕೆ ಇರಲಿಲ್ಲ. ಒಂದು ಹಿಟ್ಟಿನ ಗಿರಣಿಯನ್ನು ಹೊತ್ತುಕೊಂಡು ಹೋಗಿ ಖಾನಾಪುರದ ಕಾಡಿನೊಳಗಿನ ಬಿದರವಾಡಿಗೆ ಮುಟ್ಟಿಸಬೇಕಿತ್ತು, ಅದೂ ನಾಗರಪಂಚಮಿಯೊಳಗೆ.

ಪಂಚಮಿಯೊಳಗೆ ಎಂದು ಮಾತು ಕೊಟ್ಟವಳು ಗೌರವ್ವ. ವಯಸ್ಸು ಇಪ್ಪತ್ಮೂರು. ಕಾಕಾ ದುಂಡಪ್ಪನ ಮಶೀನು ಶೆಡ್ಡಿನಲ್ಲಿ ನಕ್ಷೆ ಬರೆಯುವ ಕೆಲಸ. ಹೋದ ಬೇಸಿಗೆಯಲ್ಲಿ ಗೆಳತಿ ಮಾಯವ್ವನ ಗಂಡನ ಊರಾದ ಬಿದರವಾಡಿಗೆ ಹೋದಾಗ, ಅಲ್ಲಿಯ ಹೆಂಗಸರು ತಲೆಯ ಮೇಲೆ ಕಾಳು ಹೊತ್ತು ಎರಡು ಹರದಾರಿ ನಡೆದು ಜಾಂಬೋಟಿಯ ಗಿರಣಿಗೆ ಹೋಗಿ, ಹಿಟ್ಟು ಹೊತ್ತು ಮತ್ತೆರಡು ಹರದಾರಿ ನಡೆದು ಬರುವುದನ್ನು ಕಂಡಳು. ಕಂಡದ್ದೇ ತಡ, ಬಾಯಿಂದ ಮಾತು ಹಾರಿಹೋಯಿತು: "ಪಂಚಮಿ ಉಂಡಿ ಹಿಟ್ಟು ನಿಮ್ಮ ಊರಾಗ ಬೀಸೂಹಂಗ ಮಾಡತೀನಿ, ನೋಡ್ರಿ!"

ಊರಿನ ಮಹಿಳಾ ಮಂಡಳದವರು ಅದನ್ನು ಖರೇ ಎಂದೇ ನಂಬಿದರು. ಓಡಾಡಿ ಗಿರಣಿಗೆ ಮಂಜೂರಿ ತಂದರು. ಡೀಸೆಲ್ ಎಂಜಿನ್ನು ಬೇಸಿಗೆಯಲ್ಲೇ ಎತ್ತಿನ ಗಾಡಿಯಲ್ಲಿ ಹೋಗಿ ಕೂತಿತು. ಆದರೆ ದುಂಡಪ್ಪ ಮಾಡಿಕೊಡಬೇಕಿದ್ದ ಗಿರಣಿಯ ಎರಕ ಎರಡು ಸಲ ಬಿರುಕು ಬಿಟ್ಟು, ಮೂರನೆಯದು ಸರಿಬರುವಷ್ಟರಲ್ಲಿ ಮಳೆ ಹಿಡಿಯಿತು. ಕಾಡಿನ ದಾರಿಯಲ್ಲಿ ಲಾರಿಯೂ ಇಲ್ಲ, ಎತ್ತೂ ಇಲ್ಲ. ಮಾಯವ್ವನ ಕಾರ್ಡು ಬಂತು: "ಎಂಜಿನ್ ಮ್ಯಾಲ ಈಗ ಕೋಳಿ ಮಲಗತಾವ. ನಿನ್ನ ಗೆಳತಿ ಗಿರಣಿ ತರಾಕಿನೋ ಕತಿ ಹೇಳಾಕಿನೋ ಅಂತ ಊರ ಹೆಂಗಸರು ಕೇಳಾಕತ್ತಾರ. ಏನು ಹೇಳಲಿ?"

ಗೌರವ್ವನಿಗೆ ಅದು ಎದೆಗೇ ತಾಕಿತು. ಕತೆ ಹೇಳುವವಳೆಂದರೆ ಅವಳ ಅಜ್ಜಿ, ಆಯಿ ಬಾಳವ್ವ. ಆ ಕತೆಗಳನ್ನು ಉಂಡೇ ಬೆಳೆದ ಗೌರವ್ವ ಸಾಲಿಯಲ್ಲೂ ಕಿಟಕಿಯಾಚೆ ನೋಡುತ್ತ ಕೂತವಳು. ಈಗಲೂ ಮೋಡ ಕಂಡರೆ ಪೆನ್ಸಿಲು ನಿಲ್ಲಿಸುವವಳು. ಅವಳ ಮಾತು ಗಾಳಿಮಾತು ಎಂದು ಮನೆಯವರೇ ನಗುತ್ತಿದ್ದರು. ಈ ಒಂದು ಮಾತಾದರೂ ನೆಲಕ್ಕೆ ಕಾಲೂರಬೇಕಿತ್ತು.

ಅದಕ್ಕೇ ಅವಳು ಕಾಕಾನ ಹೊಸ ಜೀಪಿಗೆ ಒಂದು ಲಾಕಿನ ನಕ್ಷೆ ಬರೆದಳು. ಕೆಸರಿನಲ್ಲಿ ಜೀಪಿನ ಹಿಂದಿನ ಎರಡು ಗಾಲಿಗಳದ್ದು ಒಂದೇ ಮನೆಯ ಇಬ್ಬರು ಸೊಸೆಯರ ಹಾಗೆ: ಒಂದು ಸುಮ್ಮನೆ ಗರಗರ ಸುತ್ತುತ್ತದೆ, ಇನ್ನೊಂದು ಕೂತಲ್ಲೇ ಕೂತಿರುತ್ತದೆ. ಲಾಕು ಹಾಕಿದರೆ ಇಬ್ಬರ ಸೆರಗನ್ನೂ ಕೂಡಿಸಿ ಗಂಟು ಹಾಕಿದಂತೆ, ಎರಡೂ ಒಟ್ಟಿಗೇ ದುಡಿಯಬೇಕು. ಒಣ ರಸ್ತೆ ಬಂದಾಗ ಗಂಟು ಬಿಚ್ಚಬೇಕು. ಇಲ್ಲವಾದರೆ ಗಾಡಿ ತಿರುಗುವುದಿಲ್ಲ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕಾಗುತ್ತದೆ, ಒಳಗಿನದು ಬಿಡಬೇಕಲ್ಲ! ದುಂಡಪ್ಪ ಅದನ್ನು ಲೇಥಿನಲ್ಲಿ ಕೊರೆದು ಅಚ್ಚಿಗೆ ಕೂಡಿಸಿ, ಸೀಟಿನ ಬಾಜು ಒಂದು ಹಿಡಿಕೆ ಇಟ್ಟ. ಶೆಡ್ಡಿನ ಅಂಗಳದಲ್ಲಿ ಇಪ್ಪತ್ತು ಸಲ ಹಾಕಿದರು, ಇಪ್ಪತ್ತು ಸಲ ಬಿಚ್ಚಿದರು. ಬೆಣ್ಣೆ!

ಆಷಾಢದಲ್ಲಿ ಹೊಸ್ತಿಲು ದಾಟಬಾರದೆಂದು ಆಯಿ ಹಟ ಹಿಡಿದು ಕೂತಳು. ಅಮಾವಾಸ್ಯೆ ಕಳೆದು ಶ್ರಾವಣದ ಪಾಡ್ಯದ ಮುಂಜಾನೆ ಜೀಪಿಗೆ ವಿಭೂತಿ ಬಳಿದು, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದಳು. ಗಿರಣಿ ಏರಿತು, ಗೌರವ್ವ ಏರಿದಳು. ಆಯಿಯೂ ಏರಿದಳು.

"ನೀ ಎಲ್ಲಿಗಬೇ?" ಎಂದ ದುಂಡಪ್ಪ.

"ಪೂಜಿ ಮಾಡಿದಾಕಿ ನಾನು, ಮುಟ್ಟಸಾಕಿನೂ ನಾನ. ಮೈಲಾರಲಿಂಗಾ, ಕೇಳಿಲ್ಲಿ. ಹೊಸ ಗಾಡಿ ಮೊದಲನೇ ಹೇರು ಹೊತ್ತು ಹೊಂಟೈತಿ. ಹೇರು ಇಳಸೂತನಕ ಹಿಂದಕ್ಕ ಸರೀಬಾರದು. ಹಿಂದ ಸರದ್ರ ಹೋದ ಕೆಲಸಾನೂ ಹಿಂದ ಸರೀತೈತಿ."

ಡ್ರೈವರ್ ಮೈಲಾರಲಿಂಗನಿಗೆ ಮೀಸೆ ಎಷ್ಟು ದೊಡ್ಡದೋ ಭಕ್ತಿಯೂ ಅಷ್ಟೇ ದೊಡ್ಡದು. ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡ. "ನಮ್ಮಪ್ಪ ಕುರಿ ಹೊಡಕೊಂಡು ಹೊಂಟಾಗ ಇದನ್ನ ಹೇಳತಿದ್ದ ಆಯಿ. ಒಂದ್ ಹೆಜ್ಜಿ ಹಿಂದ ಇಡೂದಿಲ್ಲ."

ಖಾನಾಪುರದ ಹತ್ತಿರ ರಸ್ತೆ ಅಗೆದಿದ್ದರು. ಕೆಸರು ಮೊಣಕಾಲುದ್ದ. ಮೈಲಾರಲಿಂಗ ಲಾಕು ಹಾಕಿದ. ಜೀಪು ಎಮ್ಮೆಯಂತೆ ಗುಟುರು ಹಾಕುತ್ತ ಕೆಸರು ಸೀಳಿ ಹೊರಗೆ ಬಂತು. ಗೌರವ್ವ ಚಪ್ಪಾಳೆ ತಟ್ಟಿದಳು. ಗಟ್ಟಿ ರಸ್ತೆ ಸಿಕ್ಕಿತು, ಮೈಲಾರಲಿಂಗ ಹಿಡಿಕೆ ಎಳೆದ. ಬರಲಿಲ್ಲ. ಎರಡೂ ಕೈಯಿಂದ ಎಳೆದ. ಊಹೂಂ.

ಮುಂದೆ ರಸ್ತೆ ಎಡಕ್ಕೆ ಹೊರಳಿತು. ಜೀಪು ಹೊರಳಲಿಲ್ಲ. ಟೈರು ಕಿರ್ರೋ ಎಂದವು. ಎದುರಿಗೆ ತೆರೆದಿದ್ದ ಗೇಟಿನೊಳಗೆ ನೇರವಾಗಿ ನುಗ್ಗಿ, ಪೇರಿಸಿಟ್ಟ ಗಡಿಗೆಗಳಿಗೆ ಒಂದು ಗೇಣು ಉಳಿದಾಗ ಗಾಡಿ ನಿಂತಿತು.

ಗಡಿಗೆಗಳ ಹಿಂದಿನಿಂದ ಕುಂಬಾರ ಶಿವಬಸವ್ವ ಎದ್ದು ನಿಂತಳು. ಕೈಯೆಲ್ಲ ಮಣ್ಣು.

"ಗಡಗಿ ಬೇಕಾಗಿದ್ರ ಇಳದು ಬರಬೇಕಪಾ. ಮಂದಿ ಹಂಗ ಬರ್ತಾರ."

"ಗಾಡಿ ತಿರಗವಲ್ದ್ರೀ ಅಕ್ಕಾರ."

"ನನ್ನ ಗಂಡನೂ ಹಂಗ. ಹಂಗಂತ ಕಂಡವರ ಅಂಗಳಕ್ಕ ನುಗ್ಗೂದಿಲ್ಲ."

ಆದರೂ ಅವಳ ಮನಸ್ಸು ಮೆತ್ತಗಿನ ಮಣ್ಣೇ. ಚಹಾ ಕೊಟ್ಟಳು, ಪಡಸಾಲೆಯಲ್ಲಿ ಹಾಸಿಗೆ ಹಾಸಿದಳು. ಸುದ್ದಿ ಮುಟ್ಟಿ ದುಂಡಪ್ಪ ಹತಾರದ ಚೀಲ ಹೊತ್ತು ಬಸ್ಸಿನಲ್ಲಿ ಬಂದ. ಹಿಂದಿನ ಅಚ್ಚಿಗೆ ಜಾಕು ಕೊಟ್ಟು ಗಾಲಿ ನೆಲ ಬಿಟ್ಟು ಮೇಲೆದ್ದದ್ದೇ ತಡ, ಟಕ್! ಲಾಕು ತಾನೇ ಬಿಚ್ಚಿಕೊಂಡಿತು. ಅವನು ನಂಬಲಿಲ್ಲ. ಅಚ್ಚನ್ನೇ ಬಿಚ್ಚಿ ಹಲ್ಲು ಹಲ್ಲು ಎಣಿಸಿದ. ಒಂದೂ ಮುರಿದಿಲ್ಲ, ಸವೆದಿಲ್ಲ. ಹಾಗೆ ನೋಡುತ್ತ ಬಿದಿಗೆಯೂ ಕಳೆಯಿತು.

"ದೃಷ್ಟಿ ತಗಲೈತಿ," ಎಂದಳು ಶಿವಬಸವ್ವ. ಉಪ್ಪು, ಮೆಣಸಿನಕಾಯಿ ಇಳಿಸಿ ಕೆಂಡಕ್ಕೆ ಹಾಕಿದಳು. ಎಲ್ಲರೂ ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿದರು. ಜೀಪು ಮಾತ್ರ ಕೆಮ್ಮಲಿಲ್ಲ.

ತದಿಗೆಯ ದಿನ ಗಡಿಗೆಗಳನ್ನು ಬಾಜು ಸರಿಸಿ, ಅಂಗಳದ ಆಚೆಯ ಗೇಟಿನಿಂದ ಮುಂದಕ್ಕೇ ಹೊರಬಿದ್ದರು. ದುಂಡಪ್ಪನೂ ಏರಿದ. ಜಾಂಬೋಟಿ ಮುಟ್ಟುವುದರೊಳಗೆ ಎರಡು ಕಡೆ ಕೆಸರು, ಎರಡು ಕಡೆಯೂ ಅದೇ ಕತೆ. ಲಾಕು ಬೀಳುತ್ತದೆ, ಏಳುವುದಿಲ್ಲ. ಜಾಕು ಕೊಟ್ಟರೆ ಟಕ್. ಸಂಜೆ ಜಾಂಬೋಟಿಯಲ್ಲಿ ಇಳಿದಾಗ ದುಂಡಪ್ಪನ ಅಂಗಿಯ ಬಣ್ಣವೇ ತಿಳಿಯುತ್ತಿರಲಿಲ್ಲ.

"ಗೌರಾ, ಇನ್ನೊಂದ್ ಸಲ ಹಿಡೀತಂದ್ರ ಲಾಕ್ ಕಿತ್ತ ಒಗದು ಗಿರಣಿ ವಾಪಸ್ ಒಯ್ಯೂದು. ದಸರಾ ಆದ ಮ್ಯಾಲ ನೋಡೂಣು."

"ಕಾಕಾ, ನಾಳೆ ಚೌತಿ. ನಾಡದ ಪಂಚಮಿ..."

"ಪಂಚಮಿ ಮುಂದಿನ ವರ್ಷಾನೂ ಬರ್ತೈತಿ."

ಬಿದರವಾಡಿಯ ಹೆಂಗಸರು ಮತ್ತೆ ಎರಡು ಹರದಾರಿ ನಡೆದು ಇದೇ ಜಾಂಬೋಟಿಗೆ ಬರುವುದು, ಬರುತ್ತ ದಾರಿಯುದ್ದಕ್ಕೂ ತನ್ನ ಹೆಸರು ಹೇಳಿ ನಗುವುದು ಗೌರವ್ವನ ಕಣ್ಣಿಗೆ ಕಟ್ಟಿತು.

ಚೌತಿಯ ಮುಂಜಾನೆ ಮಳೆ ಹೊಳವಾಗಿತ್ತು. ಊರು ಇನ್ನು ಅರ್ಧ ಮೈಲು ಎನ್ನುವಲ್ಲಿ ಒಂದು ಹಳ್ಳ. ಲಾಕು ಹಾಕಿ ಹಳ್ಳವನ್ನು ಸೊಗಸಾಗಿ ದಾಟಿದರು. ಆಚೆಯ ದಡವೆಲ್ಲ ಹಾಸುಬಂಡೆ, ಬಂಡೆಯ ಮೇಲೆಯೇ ದಾರಿ ಗಕ್ಕನೆ ಬಲಕ್ಕೆ ಹೊರಳುತ್ತಿತ್ತು. ಅರ್ಧ ಹೊರಳಿ ಜೀಪು ಬಿಗಿದು ನಿಂತಿತು. ಎದುರಿಗೆ ಬಿದಿರಿನ ಮೆಳೆ. ಮೈಲಾರಲಿಂಗ ಹಿಡಿಕೆಗೆ ಜೋತುಬಿದ್ದ. ದುಂಡಪ್ಪ ಜಾಕು ಇಟ್ಟ. ಓರೆ ಬಂಡೆಯ ಮೇಲೆ ಅದು ಜಾರಿ ದಡಾರನೆ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಕೈ ಒಂದು ಕೂದಲೆಳೆಯಲ್ಲಿ ಉಳಿಯಿತು.

"ಆತು," ಎಂದ ಅವನು, ಜಾಕನ್ನು ಅಲ್ಲೇ ಬಿಟ್ಟು. "ಇಲ್ಲಿಗೆ ಮುಗೀತು. ಗಿರಣಿ ಇಳಸಿ ಲಾಕ್ ಕೀಳೂಣು."

ಹಳ್ಳದಲ್ಲಿ ಹಬ್ಬಕ್ಕೆಂದು ಹೊದೆಯುವ ಕೌದಿ ಒಗೆಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡತೊಡಗಿದರು. ಅವರಲ್ಲಿ ಮಾಯವ್ವನೂ ಇದ್ದಳು. ಮೊಣಕಾಲ ನೀರಿನಲ್ಲಿ ನಿಂತೇ ಕೂಗಿದಳು: "ಬಂದ್ಯೇನ ಗೌರಾ! ಗಿರಣಿ ಇಲ್ಲೇ ಹಳ್ಳದಾಗ ಕೂಡಸ್ತೀ ಏನು? ಮೀನಿಗೆ ಉಂಡಿ ಕಟ್ಟತೀ?"

ಹೆಂಗಸರೆಲ್ಲ ಕಿಲಕಿಲ ನಕ್ಕರು. ಗೌರವ್ವನ ಮುಖ ಕೆಂಪೇರಿತು. ಬಂಡೆಯ ಮೇಲೆ ಕುಸಿದು ಕೂತಳು. ಕೂತಲ್ಲಿಂದ ನೋಡಿದರೆ, ಮಾಯವ್ವ ಮತ್ತು ಅವಳ ಅತ್ತಿಗೆ ಭೀಮಕ್ಕ ಒಂದು ದಪ್ಪ ಕೌದಿಯ ಎರಡು ತುದಿ ಹಿಡಿದು ಹಿಂಡುತ್ತಿದ್ದರು. ಕೌದಿ ಹುರಿಗೊಂಡು ಹಗ್ಗದಂತಾಗಿತ್ತು. ಹಿಂಡಿ ಮುಗಿದರೂ ಭೀಮಕ್ಕ ಬಿಡಿಸಲೆಂದು ತನ್ನ ಕಡೆಗೇ ಎಳೆದಳು, ಹುರಿ ಇನ್ನಷ್ಟು ಬಿಗಿಯಿತು.

"ಏ ಭೀಮಕ್ಕ, ಜಗ್ಗಬ್ಯಾಡ. ಒಂದ್ ಸುತ್ತು ಹಿಂದಕ್ಕ ಬಿಡು. ತಾನ ಬಿಚ್ಚತೈತಿ," ಎಂದಳು ಮಾಯವ್ವ.

ಭೀಮಕ್ಕ ಮಣಿಕಟ್ಟು ಒಂದಿಷ್ಟು ಹಿಂದಕ್ಕೆ ತಿರುಗಿಸಿದಳು. ಕೌದಿ ಸಡಿಲಾಗಿ ನೀರ ಮೇಲೆ ಹರಡಿಕೊಂಡಿತು.

ಗೌರವ್ವ ಎದ್ದು ನಿಂತಳು. "ಕಾಕಾ! ಹುರಿ ಬಿದ್ದೈತಿ! ಲಾಕ್ ಕೆಟ್ಟಿಲ್ಲ, ಎರಡೂ ಗಾಲಿ ನಡುವ ಹುರಿ ಬಿದ್ದೈತಿ, ಅದಕ್ಕ ಹಲ್ಲು ಕಚಗೊಂಡು ಕುಂತಾವ. ಜಾಕ್ ಹಚ್ಚಿದಾಗ ಗಾಲಿ ಗಾಳ್ಯಾಗ ಒಂದೀಟು ಹಿಂದಕ್ಕ ತಿರುಗಿ ಹುರಿ ಬಿಚ್ಚತಿತ್ತು."

"ಹಂಗಿದ್ರ ನಮ್ಮ ಅಂಗಳದಾಗ ಹೆಂಗ ಬಿಚ್ಚಿತು, ಇಪ್ಪತ್ತ್ ಸಲ?"

"ಅಷ್ಟ ಸಣ್ಣ ಅಂಗಳ! ಮೈಲಾರಣ್ಣ ಮುಂದ ಹಿಂದ, ಮುಂದ ಹಿಂದ ಮಾಡತಿದ್ದ. ಪೂಜಿ ಆದಾಗಿಂದ ಒಂದ್ ಸಲಾನೂ ಹಿಂದ ಹೋಗಿಲ್ಲ!"

ದುಂಡಪ್ಪ ಹಣೆಗೆ ಎಣ್ಣೆಗೈಯಿಂದಲೇ ಹೊಡೆದುಕೊಂಡ. "ಮೈಲಾರ್‍ಯಾ, ಒಂದ್ ಗೇಣು ಹಿಂದಕ್ಕ ತಗೊ."

"ಇಲ್ರೀ ಸಾವ್ಕಾರ್ರ." ಮೈಲಾರಲಿಂಗ ಕೀಲಿ ತೆಗೆದು ಜೇಬಿಗಿಟ್ಟುಕೊಂಡ. "ಬೇಕಾದ್ರ ಗಿರಣಿ ಹೊತಕೊಂಡು ಹೋಗತೀನಿ. ಆಯಿಗೆ ಮಾತು ಕೊಟ್ಟೀನಿ."

ಎಲ್ಲರೂ ಆಯಿಯ ಕಡೆ ತಿರುಗಿದರು. ಆಯಿ ಗಿರಣಿಯ ಕಲ್ಲಿಗೆ ಒರಗಿ ಕೂತವಳು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಆಯಿ," ಎಂದಳು ಗೌರವ್ವ, "ಒಂದ ಗೇಣು."

"ಹಿಂದ ಸರದ್ರ ಕೆಲಸ ಕೆಡತೈತಿ," ಎಂದಳು ಆಯಿ. ಎಲೆ ಮಡಿಚಿದಳು, ಬಾಯಿಗಿಟ್ಟಳು, ನಿಧಾನಕ್ಕೆ ಅಗಿದಳು. "ಆದ್ರ, ಆಕಳ ಮುಂದ ಮೇಯಾಕ ಹೊಂಟಿರತೈತಿ ಅನ್ನು. ಹಿಂದಿಂದ ಕರು ಅಂಬಾ ಅಂತೈತಿ. ಆಕಳ ಹೊಳ್ಳಿ ಬರ್ತೈತಿ. ಅದಕ್ಕ ಯಾರರ ಅಪಶಕುನ ಅಂತಾರ? ಹಿಂದ ಸರಿಯೂದು ಬ್ಯಾರೆ, ಕರದವರ ಕಡಿ ಬರೂದು ಬ್ಯಾರೆ. ನನ್ನ ಇಳಸ್ರಿ."

ಇಳಿಸಿದರು. ಆಯಿ ಕೋಲೂರಿಕೊಂಡು ಜೀಪಿನ ಹಿಂದೆ ಹತ್ತು ಮಾರು ದೂರ ಹೋಗಿ, ದಾರಿಯ ಬಾಜು ಒಂದು ಬಂಡೆ ಏರಿ ನಿಂತಳು. ಸೆರಗು ಸರಿಮಾಡಿಕೊಂಡಳು. ಎರಡೂ ಕೈ ಚಾಚಿದಳು.

"ಬಾರವ್ವಾ! ಬಾ ನನ ತಾಯಿ, ಬಾ! ಒಂದೀಟು ಬಾ!"

ಮೈಲಾರಲಿಂಗನ ಮೀಸೆಯ ಕೆಳಗೆ ಮೊದಲ ಸಲ ನಗು ಕಂಡಿತು. "ಕರದಾರ ಅಂದ ಮ್ಯಾಲ ಹೋಗಾಕ ಬೇಕಲ್ರೀ," ಎಂದು ಕೀಲಿ ತಿರುಗಿಸಿ, ರಿವರ್ಸಿಗೆ ಹಾಕಿ, ಹೂ ಎತ್ತಿದಷ್ಟು ಮೆತ್ತಗೆ ಕ್ಲಚ್ಚು ಬಿಟ್ಟ. ಜೀಪು ಒಂದು ಗೇಣು ಹಿಂದೆ ಬಂತು.

ಟಕ್.

ಹಿಡಿಕೆ ಅವನ ಕೈಯಲ್ಲಿ ತಾನಾಗಿಯೇ ಮಲಗಿತು. ಜೀಪು ಮುಂದಕ್ಕೆ ಹೊರಟು, ಬಿದಿರ ಮೆಳೆಗೆ ಬೆನ್ನು ಹಾಕಿ, ತಿರುವನ್ನು ನಾಗರಹಾವಿನಂತೆ ನುಣ್ಣಗೆ ದಾಟಿತು. ಹಳ್ಳದಲ್ಲಿ ಗದ್ದಲವೋ ಗದ್ದಲ. ಭೀಮಕ್ಕನ ಕೈಯಿಂದ ಕೌದಿ ತೇಲಿ ಹೋಗಿ, ಇಬ್ಬರು ಅದರ ಹಿಂದೆ ಓಡಿದರು.

ಊರಲ್ಲಿ ಎಂಜಿನ್ನಿನ ಮೇಲಿನ ಕೋಳಿಗಳನ್ನು ಓಡಿಸಲಿಕ್ಕೇ ಅರ್ಧ ತಾಸು ಹಿಡಿಯಿತು. ದುಂಡಪ್ಪ ಗಿರಣಿಯನ್ನು ಕಟ್ಟೆಗೆ ಕೂಡಿಸಿ ನಟ್ಟು ಬಿಗಿದ. ಗೌರವ್ವ ಪಟ್ಟಾ ಏರಿಸಿದಳು. ಮೈಲಾರಲಿಂಗ ಹ್ಯಾಂಡಲ್ ತಿರುವಿದ. ಎಂಜಿನ್ನು ಎರಡು ಸಲ ಸೀನಿ, ಆಮೇಲೆ ಢುಕುಢುಕು ಹತ್ತಿಕೊಂಡಿತು. ಹೊಸ ಕಲ್ಲಿನ ಪುಡಿ ಹೋಗಲೆಂದು ಮೊದಲು ಒಂದು ಬುಟ್ಟಿ ತೌಡು ಹಾಕಿದರು. ಅದನ್ನು ದನಕ್ಕೂ ಹಾಕಬಾರದೆಂದು ಆಯಿ ತಿಪ್ಪೆಗೆ ಚೆಲ್ಲಿಸಿದಳು.

ಅಷ್ಟರಲ್ಲಿ ಬಾಗಿಲಿನಿಂದ ಹುಣಸೆಮರದ ತನಕ ಬುಟ್ಟಿಗಳ ಸಾಲು. ಮೊದಲನೆಯದು ಮಾಯವ್ವನದು, ಹುರಿದ ಅಕ್ಕಿ, ಪಂಚಮಿಯ ತಂಬಿಟ್ಟಿಗೆ. ಅವಳು ಮೇಲಿನಿಂದ ಸುರಿದಳು. ಕಲ್ಲುಗಳ ಸದ್ದು ಬದಲಾಯಿತು, ಗಂಟಲಿಗೆ ತುತ್ತು ಸಿಕ್ಕವರ ಹಾಗೆ ದಪ್ಪಗಾಯಿತು. ಕೆಳಗೆ ಕಟ್ಟಿದ್ದ ಬಟ್ಟೆಯ ಚೀಲ ಉಬ್ಬಿತು. ಅದರ ಬಾಯಿಯಿಂದ ಬಿಳಿಯ ಹಿಟ್ಟು ಇಳಿಯತೊಡಗಿದಾಗ ಗೌರವ್ವ ತಡೆಯಲಾರದೆ ಬೊಗಸೆ ಒಡ್ಡಿದಳು. ಹಿಟ್ಟು ಬೆಚ್ಚಗಿತ್ತು. ಹುರಿದಕ್ಕಿಯ ವಾಸನೆ ಮೂಗಿಗೆ ಅಡರಿ ಕಣ್ಣು ತುಂಬಿ ಬಂದವು.

"ಕೈ ತಗೀಯೇ," ಎಂದು ಮಾಯವ್ವ ಅವಳ ಮೊಣಕೈಗೆ ತಿವಿದಳು. "ಬೀಸೂ ಹಿಟ್ಟೆಲ್ಲಾ ನೀನ ಹಿಡಕೊಂಡು ನಿಂತ್ರ ನಾ ಉಂಡಿ ಯಾವಾಗ ಕಟ್ಟಲಿ?"